ನಾಲ್ಕನೇ ಮಾದರಿಯ ಎರಡನೇ ನೀರು

ಚಹಾದ ರುಚಿ ನೋಡುವ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ನಾಲಿಗೆ ಹುಟ್ಟಿನಿಂದ ಬರುತ್ತದೆಯೋ, ಕಲಿತರೆ ಬರುತ್ತದೆಯೋ? ದಿನವಿಡೀ ಅಷ್ಟು ಚಹಾ ಕುಡಿದರೆ ರಾತ್ರಿ ನಿದ್ದೆ ಹೇಗೆ? ಎರಡಕ್ಕೂ ಉತ್ತರ ಸುಲಭ. ಕಲಿತರೆ ಬರುತ್ತದೆ. ಕುಡಿಯುವುದಿಲ್ಲ, ಉಗುಳುತ್ತೇವೆ, ಹಾಗಾಗಿ ನಿದ್ದೆಯೂ ಬರುತ್ತದೆ. ಅವರು ಕೇಳದೆ ಬಿಡುವ ಇನ್ನೊಂದು ಪ್ರಶ್ನೆ ಇದೆ: ನೀವು ಹೇಳಿದ ರುಚಿ ತಪ್ಪಾದರೆ ಪೆಟ್ಟು ಬೀಳುವುದು ಯಾರಿಗೆ? ನನ್ನ ವಿಷಯದಲ್ಲಿ ಅದು ಶಿವಲಿಂಗಪ್ಪ ಕಾಕಾ ಅವರಿಗೆ ಬಿತ್ತು. ನನಗೆ ಈ ಕೆಲಸ ಕಲಿಸಿದವರು ಅವರು. ಒಂದು ಶನಿವಾರ ಬೆಳಗ್ಗೆ, ಚೀನಾದ ಆರು ಚಹಾಗಳನ್ನು ಮುಂದಿಟ್ಟುಕೊಂಡು, ಅವರ ಕುರ್ಚಿಯನ್ನು ನಾನು ವಾದ ಮಾಡಿ ಕಿತ್ತುಕೊಂಡೆ. ಅದನ್ನು ಹೇಳಲೆಂದೇ ಕುಳಿತಿದ್ದೇನೆ. ಉಳಿದದ್ದು ದಾರಿಯಲ್ಲಿ ಬರುತ್ತದೆ.

ನಾನು ನಿವೃತ್ತಳು ಎಂದರೆ ಜನ ನಗುತ್ತಾರೆ, ಏಕೆಂದರೆ ನನಗಿನ್ನೂ ಮೂವತ್ತೆಂಟು. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ನನ್ನ ಮೂಗಿನ ಅರ್ಧ ಶಕ್ತಿಯನ್ನೂ ಕೊಂಡೊಯ್ಯಿತು. "ಯಾರಿಗೆ ಗೊತ್ತಾಗ್ತೈತಿ, ನಡಸ್ಕೊಂಡ ಹೋಗು" ಎಂದು ಹಿತವರು ಹೇಳಿದರು. ನನಗೆ ಗೊತ್ತಾಗುತ್ತದಲ್ಲ! ಅರ್ಧ ಮೂಗು ಇಟ್ಟುಕೊಂಡು ಪೂರಾ ಪಗಾರ ತೆಗೆದುಕೊಳ್ಳುವುದರ ಪರವಾಗಿ ಒಂದೇ ಒಂದು ಒಳ್ಳೆಯ ವಾದ ನನಗೆ ಹೊಳೆಯಲಿಲ್ಲ. ವಾದ ಹೊಳೆಯದಿರುವುದು ನನ್ನ ಬದುಕಿನಲ್ಲಿ ಅಪರೂಪ, ಆದ್ದರಿಂದ ಬಿಟ್ಟೆ. ಹದಿಮೂರು ವರ್ಷ ಮಾಡಿದ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ, ಬಿಟ್ಟ ರೀತಿಯ ಬಗ್ಗೆಯೂ ಇದೆ.

ಸೇರಿದ್ದು ಕೂಡ ವಾದದಿಂದಲೇ. ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಓಡಾಡಿ ಓದಿದವಳು ನಾನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಲ್ಲಿದ್ದರೂ ಹೋಗುತ್ತಿದ್ದೆ. ವಿಷಯದ ಪರ ಕೊಟ್ಟರೂ ಸೈ, ವಿರೋಧ ಕೊಟ್ಟರೂ ಸೈ. ಗೋಕಾಕದಲ್ಲಿ ಚಹಾಪುಡಿ ತರಿಸಿ, ಬೆರೆಸಿ, ಪೊಟ್ಟಣ ಮಾಡಿ ಮಾರುವ ಒಂದು ಕಂಪನಿಗೆ ಬರವಣಿಗೆ ಕೆಲಸಕ್ಕೆಂದು ಹೋದೆ. ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಅವರು ಒಳಗಿನ ಖೋಲಿ ತೋರಿಸಿ, ಅಲ್ಲಿ ಒಬ್ಬರು ಬರೀ ನಾಲಿಗೆಯಿಂದ ಚಹಾದ ಗುಣ ಹೇಳುತ್ತಾರೆ ಎಂದರು. ನಾನು ಸುಮ್ಮನಿರಬೇಕಿತ್ತು.

"ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಇದರಾಗ ಅರ್ಧ ಗತ್ತು, ಅರ್ಧ ಅಂದಾಜು. ಕಪ್ಪಿನ ಮುಂದ ಹೆಸರ ಬರದಿಟ್ಟೀರಿ. ಯಾವ ತೋಟದ್ದು ಅಂತ ಗೊತ್ತಿದ್ದ ಮ್ಯಾಲೆ ಯಾರಾದ್ರೂ ಹೇಳ್ತಾರ."

ಖೋಲಿಯ ಬಾಗಿಲಲ್ಲಿ ಹಣೆಗೆ ವಿಭೂತಿ ಹಚ್ಚಿದ ತೆಳ್ಳನೆಯ ಮನುಷ್ಯ ಬಂದು ನಿಂತಿದ್ದನ್ನು ನಾನು ನೋಡಿರಲಿಲ್ಲ. ಅವರೇ ಶಿವಲಿಂಗಪ್ಪ, ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯವರು. ಅವರು ಸಿಟ್ಟಾಗಲಿಲ್ಲ. "ಈ ಹುಡುಗಿ ನನಗ ಬೇಕರಿ" ಎಂದರು ಸಾವ್ಕಾರ್ರಿಗೆ. "ಇಪ್ಪತ್ತ ವರ್ಷದಾಗ ಯಾರೂ ನನಗ ಇದನ್ನ ಕೇಳಿರ್ಲಿಲ್ಲ."

ಹೀಗೆ ಬರವಣಿಗೆ ಕೆಲಸ ತಪ್ಪಿ ಚಹಾದ ಖೋಲಿಗೆ ಬಂದೆ. ಮನೆಯಲ್ಲಿ ಅವ್ವನಿಗೆ ಇದು ನುಂಗಲಾರದ ತುತ್ತಾಯಿತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಹುಡುಗಿ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದಾಗ ಅವ್ವ, "ಕಂಪನ್ಯಾಗ ಪರೀಕ್ಷಾ ವಿಭಾಗ ನೋಡ್ತಾಳ್ರಿ" ಎಂದಳು. ನಾನು ಪಕ್ಕದಿಂದ ತಿದ್ದಿದೆ: "ಸೊರ್ ಅಂತ ಚಹಾ ಎಳದು ಬಾಯಾಗ ಆಡಿಸಿ ಉಗಳ್ತೇನ್ರಿ." ಅವರು ಎರಡನೇ ಸಲ ಬರಲಿಲ್ಲ. ಸೊರ್ ಎಂದು ಎಳೆಯುವುದು ಒರಟುತನವಲ್ಲ. ಗಾಳಿ ಸೇರಿದರೆ ಮಾತ್ರ ವಾಸನೆ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾಚಿಕೊಂಡು ಮೆಲ್ಲಗೆ ಗುಟುಕರಿಸುವವರಿಗೆ ಈ ಕೆಲಸ ಬರುವುದಿಲ್ಲ.

ಮೊದಲ ವರ್ಷದ ನನ್ನ ತಪ್ಪುಗಳನ್ನು ಹೇಳಿದರೆ ನಿಮಗೆ ಧೈರ್ಯ ಬಂದೀತು. ಪಂಚಮಿಯ ಮರುದಿನ ದುಂಡುಮಲ್ಲಿಗೆಯ ದಂಡೆ ಮುಡಿದುಕೊಂಡೇ ಖೋಲಿಗೆ ಹೋದೆ. ಏಳು ಕಪ್ಪು ನೋಡಿದೆ, ಏಳಕ್ಕೂ "ಹೂವಿನ ಸುವಾಸನೆ" ಎಂದು ಗಂಭೀರವಾಗಿ ಬರೆದೆ. ಕಾಕಾ ಪುಸ್ತಕ ನೋಡಿದರು, ನನ್ನ ತಲೆ ನೋಡಿದರು. "ಏಳೂ ಕಪ್ಪಿನ ತೋಟ ನಿನ್ನ ಜಡಿ ಮ್ಯಾಲ ಐತಿ, ತಂಗಿ" ಎಂದರು. ಅವರು ಸ್ವತಃ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಕೈಗೆ ಸಾಬೂನು ಮುಟ್ಟಿಸುತ್ತಿರಲಿಲ್ಲ, ಮಧ್ಯಾಹ್ನದವರೆಗೆ ಉಳ್ಳಾಗಡ್ಡಿ ತಿನ್ನುತ್ತಿರಲಿಲ್ಲ.

ಇನ್ನೊಂದು ಸಲ ಹುಕ್ಕೇರಿಯ ಒಂದು ಹೋಟೆಲಿನಿಂದ ದೂರು ಬಂತು. ನಮ್ಮ ಚಹಾ ಕರ್ರಗಾಗುತ್ತದೆ, ಮೇಲೆ ಪದರು ಕಟ್ಟುತ್ತದೆ, ನೀವು ಪುಡಿ ಬದಲಿಸಿದ್ದೀರಿ ಎಂದು. ನಾನು ಹೋಟೆಲಿನವನ ಎದುರು ನಿಂತು, ಅದೇ ಪುಡಿ ಗೋಕಾಕದಲ್ಲಿ ಚೆನ್ನಾಗಿದೆ, ಆದ್ದರಿಂದ ತಪ್ಪು ನಿಮ್ಮ ಒಲೆಯದು ಎಂದು ಅರ್ಧ ತಾಸು ಸಾಧಿಸಿದೆ. ಅವನು ಸೋಲುತ್ತಿದ್ದ, ಆದರೆ ನಂಬುತ್ತಿರಲಿಲ್ಲ. ಕಾಕಾ ಒಂದು ಲೋಟ ನೀರು ಕೇಳಿದರು. ಕುಡಿದು, "ಬೋರ್ ಹೊಸದಾಗಿ ಹೊಡಿಸೀರೇನು?" ಎಂದರು. ಹೌದು, ಹಿಂದಿನ ತಿಂಗಳು ಹೊಡೆಸಿದ್ದ. ಗಡಸು ನೀರು ಚಹಾವನ್ನು ಕೊಲ್ಲುತ್ತದೆ. ಹಳೆಯ ಬಾವಿಯ ನೀರಿನಲ್ಲಿ ಅದೇ ಪುಡಿ ಕುದಿಸಿ ಕೊಟ್ಟಾಗ ಹೋಟೆಲಿನವನು ಕಾಕಾ ಅವರಿಗೆ ಕೈಮುಗಿದ. ನನ್ನ ಅರ್ಧ ತಾಸಿನ ಭಾಷಣ ಗಾಳಿಗೆ ಹೋಯಿತು.

ಹಾಗಂತ ನಾನು ಬರೀ ಕಲಿತವಳಲ್ಲ, ಕಲಿಸಿದ್ದೂ ಇದೆ. ಕಪ್ಪಿನ ಮುಂದೆ ಹೆಸರು ಬರೆಯುವ ಪದ್ಧತಿಯನ್ನು ನಿಲ್ಲಿಸಿದವಳು ನಾನೇ. ನಂಬರನ್ನು ಕಪ್ಪಿನ ತಳಕ್ಕೆ ಅಂಟಿಸಿ, ಪ್ಯಾಕಿಂಗ್ ವಿಭಾಗದ ಮಾದೇವಕ್ಕನ ಕೈಯಲ್ಲಿ ಸಾಲು ಬದಲಿಸಿ, ಆಮೇಲೆ ನಾವು ಒಳಗೆ ಹೋಗುವುದು. ಮೊದಲ ದಿನವೇ ಕಾಕಾ ಸದಾ ಹೊಗಳುವ ತೋಟದ ಚಹಾ ಅವರ ನಾಲಿಗೆಯಲ್ಲೇ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಸಾವ್ಕಾರ್ರ ಬೀಗರು ಕಳಿಸುತ್ತಿದ್ದ ಪುಡಿ ಕೊನೆಗೆ ಬಂತು. ಸಾವ್ಕಾರ್ರು ಮುಖ ಗಂಟಿಕ್ಕಿದರು. ಕಾಕಾ ಮಾತ್ರ ಹೊಟ್ಟೆ ಹಿಡಿದು ನಕ್ಕರು. ತಾನು ತಪ್ಪಿದ್ದನ್ನು ಕಂಡು ಅಷ್ಟು ಸಂತೋಷಪಡುವ ಹಿರಿಯರನ್ನು ನಾನು ಮತ್ತೆ ನೋಡಿಲ್ಲ. ಅದೇ ಪದ್ಧತಿ ಅಲ್ಲಿ ಇವತ್ತಿಗೂ ನಡೆದಿದೆ.

ಈಗ ಆ ಶನಿವಾರಕ್ಕೆ ಬರುತ್ತೇನೆ.

ನಾನು ಸೇರಿ ಆರು ವರ್ಷವಾಗಿತ್ತು. ಗೋಕಾಕ ಫಾಲ್ಸಿನ ದಾರಿಯಲ್ಲಿ ಹೊಸದಾಗಿ ವಸತಿಗೃಹ ತೆರೆಯುತ್ತಿದ್ದವರೊಬ್ಬರು ತಮ್ಮ ಅತಿಥಿಗಳಿಗೆ ಚೀನಾದ ಊಲಾಂಗ್ ಚಹಾ ಬೇಕು, ನೀವೇ ಆರಿಸಿ ತರಿಸಿಕೊಡಿ ಎಂದರು. ಮುಂಬೈಯ ವ್ಯಾಪಾರಿಯೊಬ್ಬ ಆರು ಮಾದರಿ ಕಳಿಸಿದ. ಊಲಾಂಗ್ ಅಂದರೆ ಹಸಿರು ಚಹಾಕ್ಕೂ ನಮ್ಮ ಕಪ್ಪು ಚಹಾಕ್ಕೂ ನಡುವೆ ನಿಲ್ಲುವ ಚಹಾ. ಎಲೆ ಬಾಡಿಸಿ, ಅದರ ಅಂಚು ಜಜ್ಜುವಂತೆ ಅಲುಗಾಡಿಸಿ, ಅರ್ಧ ಕೆಂಪಾಗುತ್ತಲೇ ಬಿಸಿಗೆ ಒಡ್ಡಿ ನಿಲ್ಲಿಸುತ್ತಾರೆ. ಕೆಲವನ್ನು ಆಮೇಲೆ ಕೆಂಡದ ಮೇಲೆ ಹುರಿಯುವುದೂ ಉಂಟು. ಮೂರು ಮಾದರಿ ಮೆಣಸಿನಕಾಳಿನಂತೆ ಗುಂಡಗೆ ಸುತ್ತಿಕೊಂಡಿದ್ದವು, ಮೂರು ಉದ್ದನೆಯ ಕಪ್ಪು ಎಳೆಗಳು. ಕಾಕಾ ಆಗಲಿ ನಾನಾಗಲಿ ಅದುವರೆಗೆ ಊಲಾಂಗ್ ಮುಟ್ಟಿರಲಿಲ್ಲ.

ಶುಕ್ರವಾರ ಮೊದಲ ಸಲ ನೋಡಿದೆವು. ಕೈ ತನ್ನ ರೂಢಿಯಂತೆ ನಡೆಯಿತು. ಎಲೆ ತೂಗಿದೆವು, ಕುದಿಯುವ ನೀರು ಸುರಿದೆವು, ಐದು ನಿಮಿಷ ಮುಚ್ಚಿಟ್ಟೆವು, ಸೋಸಿದೆವು, ಸಾಲಿನುದ್ದಕ್ಕೂ ಒಂದೊಂದು ಚಮಚ ಹಾಲು ಹಾಕಿಕೊಂಡು ಹೋದೆವು. ನಮ್ಮ ಪುಡಿ ಹಾಲಿಗೆಂದೇ ಹುಟ್ಟಿದ್ದು, ಹಾಲು ಹಾಕದೆ ಅದರ ಬಣ್ಣ ಅಳೆಯುವುದೇ ಇಲ್ಲ. ಆರನೇ ಕಪ್ಪಿಗೆ ಹಾಲು ಬಿದ್ದ ಮೇಲೆ ಇಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಆರೂ ಕಪ್ಪು ಭಾಂಡೆ ತೊಳೆದ ನೀರಿನಂತಿದ್ದವು.

"ಚೀನಾದವರು ಇದನ್ನ ನೋಡಿದ್ರ ನಮ್ಮ ಮ್ಯಾಲೆ ಕೇಸ್ ಹಾಕ್ತಾರ" ಎಂದರು ಕಾಕಾ.

ಅರ್ಧ ಮಾದರಿ ಹಾಗೆ ಹಾಳಾಯಿತು. ಉಳಿದಿದ್ದು ಇನ್ನೊಂದು ಸಲಕ್ಕೆ ಆಗುವಷ್ಟು ಮಾತ್ರ. ಸಾವ್ಕಾರ್ರಿಗೆ ಸುದ್ದಿ ತಿಳಿದು ಸಿಟ್ಟಾದರು. ಕಾಕಾ ಅವರಿಗೆ ವಯಸ್ಸಾಯಿತು ಎಂಬ ಅನುಮಾನ ಅವರಿಗೆ ಮೊದಲೇ ಇತ್ತು. ಶನಿವಾರ ಬೆಳಗ್ಗೆ ಖೋಲಿಗೆ ಬಂದು ಮಧ್ಯದಲ್ಲೇ ಕುರ್ಚಿ ಹಾಕಿಕೊಂಡರು.

"ಇದು ಹೊಸಾ ಚಹಾ. ಇಬ್ಬರೂ ನೋಡ್ರಿ, ನನ್ನ ಮುಂದ ಮಾತಾಡ್ರಿ. ಯಾರ ಮಾತು ನನಗ ಖರೆ ಅನಸ್ತೈತಿ, ಸೋಮವಾರದಿಂದ ಖೋಲಿ ಅವರ ಕೈಯಾಗ. ಇನ್ನೊಬ್ರು ಪ್ಯಾಕಿಂಗ್ ಕಡೆ ಹೋಗ್ಲಿ."

ಇಪ್ಪತ್ತಾರು ವರ್ಷ ಆ ಖೋಲಿ ನೋಡಿಕೊಂಡ ಮನುಷ್ಯನನ್ನು ಪೊಟ್ಟಣ ಎಣಿಸಲು ಕಳಿಸುವ ಮಾತು ಅದು. ಕಾಕಾ ನೀರು ಕಾಯಲು ಇಟ್ಟರು. ನಾನಂತೂ ಮೈ ನೆಟ್ಟಗೆ ಮಾಡಿಕೊಂಡೆ. ಚರ್ಚೆ ಅಂದರೆ ನನಗೆ ಹಾಗೆ ಆಗುತ್ತಿತ್ತು.

ಈ ಸಲ ಹಾಲಿಲ್ಲ. ಮಾದೇವಕ್ಕ ಸಾಲು ಬದಲಿಸಿದಳು. ಇಬ್ಬರೂ ನೋಡಿದೆವು. ಆರರಲ್ಲಿ ಒಂದು ಬೇರೆಯೇ ಆಗಿ ಎದ್ದು ನಿಂತಿತು. ಕಾಯುವ ಬೆಲ್ಲದ ವಾಸನೆ, ಸಿಹಿ, ಬೆಚ್ಚಗೆ. ಕಪ್ಪು ತಿರುಗಿಸಿ ನೋಡಿದರೆ ನಾಲ್ಕನೇ ಮಾದರಿ. ಸಾವ್ಕಾರ್ರೂ ಒಂದು ಗುಟುಕು ಎಳೆದು, "ಇದು ಭೇಷ್ ಐತಲ್ಲೋ!" ಎಂದರು. ಐದು ಚಮಚ ಸಕ್ಕರೆ ಹಾಕಿ ಚಹಾ ಕುಡಿಯುವ ಮನುಷ್ಯ ಅವರು.

ಕಾಕಾ ತಲೆಯಾಡಿಸಿದರು. "ಇದು ಎಲಿ ವಾಸನಿ ಅಲ್ರಿ. ಪಾರ್ಸಲ್ ನಾನ ಬಿಡಿಸ್ಕೊಂಡ ಬಂದೀನಿ. ಸಂಕೇಶ್ವರದ ಲಾರಿ ಗೋದಾಮಿನ್ಯಾಗ ಮೂರ ದಿನ ಬೆಲ್ಲದ ಪೆಂಟಿ ಮ್ಯಾಲ ಕುಂತಿತ್ತು. ಚಹಾ ಬಾಜೂದವರ ವಾಸನಿ ಎಳಕೋತೈತಿ."

ನಾನು ಎದ್ದೆ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದೆ, ನನಗೆ ಬೇಕಾದಷ್ಟನ್ನು ಮಾತ್ರ. "ಸಾವ್ಕಾರ್ರ, ಹುರಿದ ಊಲಾಂಗಿಗೆ ಸುಟ್ಟ ಬೆಲ್ಲದ ವಾಸನಿ ಇರೂದು ಎಲ್ಲರಿಗೂ ಗೊತ್ತೈತಿ. ಎರಡನೇದು, ಪಾರ್ಸಲ್ ಒಂದ, ಗೋದಾಮು ಒಂದ, ಬೆಲ್ಲ ಒಂದ. ಕಾಕಾ ಹೇಳೂದು ಖರೆ ಇದ್ರ ಆರಕ್ಕೂ ವಾಸನಿ ಹತ್ತಬೇಕಿತ್ತಲ್ರಿ? ನಾಕನೇದಕ್ಕ ಮಾತ್ರ ಯಾಕ ಹತ್ತೈತಿ?"

ಕಾಕಾ ನಾಲ್ಕನೇ ಕಪ್ಪನ್ನು ಕೈಗೆತ್ತಿ ಮತ್ತೆ ಮೂಸಿದರು. "ಅದ ಎಲಿ ಮ್ಯಾಲ ಇನ್ನೊಂದ ಸಲ ನೀರ ಹಾಕೂಣು" ಎಂದರು. "ಎಲಿದ ಸ್ವಂತದ್ದಿದ್ರ ಉಳೀತೈತಿ, ಎರವಲದ್ದಾದ್ರ ಹೋಗ್ತೈತಿ."

ಆಗ ನಾನು ಆಡಿದ ಮಾತನ್ನು ಈಗ ಇಲ್ಲಿ ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಹಿಂದೊಮ್ಮೆ ಬುತ್ತಿ ಬಿಚ್ಚಿ ಕುಳಿತಾಗ ಕಾಕಾ ತಮ್ಮ ಮನೆಯ ಸುದ್ದಿ ಹೇಳಿದ್ದರು. ಚಿಕ್ಕವರಿದ್ದಾಗ ಮೊದಲ ನೀರಿನ ಚಹಾ ದೊಡ್ಡವರಿಗೆ, ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸಿದ್ದು ಮಕ್ಕಳಿಗೆ. ನಂಬಿಕೆಯಿಂದ ಹೇಳಿದ್ದು.

"ಕಾಕಾ, ಒಂದ ಪುಡಿಗೆ ಎರಡ ಸಲ ನೀರ ಹಾಕೂದು ನಿಮ್ಮ ಮನ್ಯಾಗ ನಡೀತಿತ್ತರಿ. ವಸತಿಗೃಹದ ಮಂದಿಗೆ ನಾವು ಎಂಜಲ ನೀರ ಕುಡಸೂದಲ್ಲ."

ಸಾವ್ಕಾರ್ರು ತೊಡೆ ತಟ್ಟಿ ನಕ್ಕರು. ಕಾಕಾ ಕಪ್ಪನ್ನು ಮೇಜಿನ ಮೇಲಿಟ್ಟರು. ವಾದದಲ್ಲಿ ಎದುರಾಳಿ ಸುಮ್ಮನಾದರೆ ಅಂಕ ನಮಗೆ. "ಸೋಮವಾರ ಹತ್ತಕ್ಕ ಮುಂಬೈಗೆ ಫೋನ್ ಮಾಡ್ತೀನಿ, ನಾಕನೇದು" ಎಂದರು ಸಾವ್ಕಾರ್ರು. "ಶಿವಲಿಂಗಪ್ಪಾ, ಖೋಲಿ ಕೀಲಿ ಆಕಿ ಕೈಯಾಗ ಕೊಡ್ರಿ." ಕಾಕಾ ಕೀಲಿಯನ್ನು ನನ್ನ ಕೈಗೇ ಕೊಟ್ಟರು, ಮೇಜಿನ ಮೇಲೆ ಎಸೆಯಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ಊರಿಗೆ ಹೋದರು.

ಖೋಲಿ ತೊಳೆಯಲು ನಾನೊಬ್ಬಳೇ ಉಳಿದೆ. ತಟ್ಟೆಗಳ ಮೇಲೆ ಆರು ಮುದ್ದೆ ನೆನೆದ ಎಲೆ. ಬಿಚ್ಚಿಕೊಂಡು ಅಂಚು ಕೆಂಪು, ನಡುವೆ ಹಸಿರಾಗಿದ್ದವು. ನನಗೆ ಗೆದ್ದ ಮೇಲೂ ಎದುರಾಳಿಯ ಕೊನೆಯ ಅಂಶವನ್ನು ಮುರಿದು ಹಾಕುವ ಚಟ. ಕಾಕಾ ಅವರ ಮಾತು ಸುಳ್ಳೆಂದು ನನಗೆ ನಾನೇ ತೋರಿಸಿಕೊಳ್ಳಲು ನೀರು ಕುದಿಸಿ ಆರಕ್ಕೂ ಎರಡನೇ ಸಲ ಸುರಿದೆ.

ನಾಲ್ಕನೆಯದರಲ್ಲಿ ಬೆಲ್ಲ ಇರಲಿಲ್ಲ. ಕಡಿಮೆಯಾಗಿತ್ತು ಎಂದಲ್ಲ, ಇರಲೇ ಇಲ್ಲ. ಉಳಿದದ್ದು ಬರೀ ಹುರಿದ ಕಡ್ಡಿಯ ಒಗರು. ಬೆಳಗ್ಗೆ ಬಾಯಿಯನ್ನೇ ಬಿಡದೆ ಕುಳಿತಿದ್ದ ಮೂರನೇ ಮಾದರಿ ಈಗ ತೆರೆದುಕೊಂಡಿತ್ತು. ಮೂರನೇ ನೀರಿಗೆ ಇನ್ನೂ ತೆರೆಯಿತು. ಹಣ್ಣಿನಂಥದ್ದೊಂದು ಸುವಾಸನೆ ಉಗುಳಿದ ಮೇಲೂ ಗಂಟಲಲ್ಲಿ ನಿಂತಿತು. ನಾಲ್ಕನೇ ನೀರಿಗೂ ಅದು ದಣಿಯಲಿಲ್ಲ. ನಮ್ಮ ಪುಡಿ ಒಂದೇ ನೀರಿನಲ್ಲಿ ತನ್ನದೆಲ್ಲವನ್ನೂ ಕೊಟ್ಟು ಮುಗಿಸುತ್ತದೆ. ಈ ಎಲೆ ಹಾಗಲ್ಲ, ನಿಧಾನಕ್ಕೆ ಕೊಡುತ್ತದೆ. ಒಂದೇ ನೀರಿನಲ್ಲಿ ಊಲಾಂಗ್ ಅಳೆಯಲು ಹೊರಟಿದ್ದು ಹಾಲು ಹಾಕಿದ್ದಕ್ಕಿಂತ ದೊಡ್ಡ ತಪ್ಪಾಗಿತ್ತು.

ಆದರೂ ನನ್ನ ಪ್ರಶ್ನೆ ಹಾಗೇ ಇತ್ತಲ್ಲ: ನಾಲ್ಕನೆಯದಕ್ಕೆ ಮಾತ್ರ ಯಾಕೆ? ಕಸದ ಬುಟ್ಟಿಯಿಂದ ಪೊಟ್ಟಣಗಳನ್ನು ಹೆಕ್ಕಿದೆ. ಐದರ ಒಳಗೆ ವಾಸನೆ ಒಳಬಿಡದ ಬೆಳ್ಳಿಬಣ್ಣದ ಹಾಳೆ ಇತ್ತು. ನಾಲ್ಕನೆಯದು ಬರೀ ದಪ್ಪ ಕಾಗದ. ಆರು ವರ್ಷ ರುಚಿ ನೋಡಿದವಳು ಪೊಟ್ಟಣ ಮುಟ್ಟಿ ನೋಡಿರಲಿಲ್ಲ.

ಒಂದು ಸಾಕ್ಷಿ ಸಾಲದು ಎನ್ನುವುದು ನನ್ನ ಸ್ವಭಾವ. ಒಂದನೇ ಮಾದರಿಯ ಒಣ ಎಲೆ ಎರಡು ಚಿಟಿಕೆ ಉಳಿದಿತ್ತು. ಅದನ್ನು ಮೂಡಲಗಿಗೆ ಒಯ್ದೆ, ಒಂದು ಚಿಟಿಕೆಯನ್ನು ಕಾಗದದಲ್ಲಿ ಸುತ್ತಿ ಬೆಲ್ಲದ ಡಬ್ಬಿಯೊಳಗಿಟ್ಟೆ, ಇನ್ನೊಂದನ್ನು ಮುಚ್ಚಿದ ಶೀಶೆಯಲ್ಲಿ ಇಟ್ಟೆ. ಅವ್ವ ನೋಡಿದಳು.

"ಚಹಾಕ್ಕ ಬೆಲ್ಲ ಹಾಕ್ತಾರ, ಖರೆ. ನೀ ಬೆಲ್ಲದ ಬಾಜೂ ಚಹಾ ಮಲಗಸ್ತಿ. ಏನ ಇದು?"

"ಪರೀಕ್ಷಾ, ಅವ್ವ."

"ಇನ್ನ ಎಂಥಾ ಪರೀಕ್ಷಾ? ನೀ ಖೋಲಿಗೆ ದೊಡ್ಡಾಕಿ ಆದಿ ಅಂತ ಓಣಿಗೆಲ್ಲಾ ಹೇಳಿ ಬಂದೀನಿ. ಪೇಢೆ ಹಂಚೀನಿ."

ಭಾನುವಾರ ಪೂರ್ತಿ ನಾನು ನನ್ನ ವಿರುದ್ಧವೇ ವಾದಿಸಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಮುಂಬೈಯಿಂದ ಬರುವ ನಾಲ್ಕನೇ ಚಹಾದಲ್ಲಿ ಬೆಲ್ಲದ ವಾಸನೆ ಇರದಿದ್ದರೆ ವ್ಯಾಪಾರಿ ಮೋಸ ಮಾಡಿದ ಎನ್ನಬಹುದು. ಆ ಪಕ್ಷವನ್ನು ನಾನು ಬಹಳ ಚೆನ್ನಾಗಿ ಮಂಡಿಸಬಲ್ಲೆ ಎಂಬುದೇ ನನಗೆ ಹೇಸಿಗೆ ತರಿಸಿತು. ಸೋಮವಾರ ಬೆಳಗ್ಗೆ ಡಬ್ಬಿ ತೆರೆದೆ. ಆ ಚಿಟಿಕೆ ಎಲೆ ನಾಲ್ಕನೇ ಮಾದರಿಯ ಹಾಗೆಯೇ ಬೆಲ್ಲ ಬೆಲ್ಲ ಎನ್ನುತ್ತಿತ್ತು.

ಒಂಬತ್ತಕ್ಕೆ ಸಾವ್ಕಾರ್ರನ್ನು ಖೋಲಿಗೆ ಕರೆದೆ. ಪ್ಯಾಕಿಂಗ್ ಕಡೆಯಿಂದ ಕಾಕಾ ಅವರನ್ನೂ ಕರೆದೆ. ಅವರು ಕೆಲಸಕ್ಕೆ ಬಂದಿದ್ದರು, ವಿಭೂತಿ ಹಚ್ಚಿಕೊಂಡು, ಎಣ್ಣೆ ಹಚ್ಚದೆ, ಎಂದಿನಂತೆ. ಎರಡು ಚಿಟಿಕೆಗಳನ್ನು ಮೂಸಲು ಕೊಟ್ಟೆ. ಕಾಗದದ ಪೊಟ್ಟಣ ತೋರಿಸಿದೆ. ಒಣಗಿಸಿಟ್ಟಿದ್ದ ಶನಿವಾರದ ಎಲೆಗಳಲ್ಲಿ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅವರ ಎದುರೇ ಮತ್ತೆ ನೀರು ಸುರಿದೆ. ಐದನೇ ನೀರು ಅದು. ಮೂರನೆಯದು ಆಗಲೂ ಮಾತಾಡಿತು, ನಾಲ್ಕನೆಯದು ಬಿಸಿನೀರು.

"ಶನಿವಾರ ಕಾಕಾ ಹೇಳಿದ್ದೆಲ್ಲಾ ಖರೆ ಇತ್ತರಿ" ಎಂದೆ. "ನಾ ಗೆದ್ದಿದ್ದು ಅವರ ಮನಿ ಬಡತಾನ ಆಡಿಕೊಂಡು. ಚಹಾದ ಮ್ಯಾಲ ಅಲ್ಲ. ಕಾಕಾ, ತಪ್ಪಾತ್ರಿ."

ಕಾಕಾ ಕಪ್ಪು ಮೂಸುತ್ತಲೇ ಇದ್ದರು. "ನಾಕನೇದನ್ನೂ ಪೂರ್ತಿ ಬಯ್ಯಬ್ಯಾಡ. ಛಲೋ ಪೊಟ್ಟಣದಾಗ ಮತ್ತ ತರಿಸಿ ನೋಡೂಣು. ಅದರದೇನ ತಪ್ಪು?"

ಸಾವ್ಕಾರ್ರಿಗೆ ಮುಜುಗರವಾಗಿತ್ತು. ಅವರೂ ನಕ್ಕಿದ್ದರಲ್ಲ. "ಆತು. ಮೂರನೇದು ತರಸ್ತೀನಿ. ಈಗ ಖೋಲಿ ಯಾರ ಕೈಯಾಗ? ಅದನ್ನ ಹೇಳ್ರಿ."

"ಆಕಿ ಕೈಯಾಗ ಇರ್ಲಿ" ಎಂದರು ಕಾಕಾ. "ಸೋತ ನಾನು ಸುಮ್ಮನ ಬಸ್ ಹತ್ತಿ ಊರಿಗೆ ಹೋದೆ, ಸಾವ್ಕಾರ್ರ. ಗೆದ್ದಾಕಿ ಕುಂತು ಮತ್ತ ನೀರ ಹಾಕಿ ನೋಡ್ಯಾಳ. ಈ ಕೆಲಸಕ್ಕ ಬೇಕಾಗಿದ್ದು ಅದ."

ಹದಿಮೂರು ವರ್ಷದಲ್ಲಿ ನನಗೆ ಸಿಕ್ಕ ಮಾತುಗಳಲ್ಲಿ ನಾನು ಎದೆಗವಚಿಕೊಂಡು ಇಟ್ಟುಕೊಂಡಿರುವುದು ಇದೊಂದೇ. ಆದರೆ ಅದನ್ನು ಒಪ್ಪಿಕೊಳ್ಳಲು ಆಗುತ್ತಿರಲಿಲ್ಲ. ಎದ್ದು ನಿಂತು, ಖೋಲಿ ಕಾಕಾ ಅವರ ಕೈಯಲ್ಲೇ ಇರಬೇಕೆಂದು ವಾದ ಶುರು ಮಾಡಿದೆ. ನಾಲ್ಕನೆಯದು ಬೇರೆ ಎಂದು ಹೇಳಲು ನನ್ನ ಮೂಗು ಸಾಕಾಯಿತು, ಯಾಕೆ ಬೇರೆ ಎಂದು ಹೇಳಿದ್ದು ಕಾಕಾ ಅವರ ಮೂಗು. ಊಲಾಂಗ್ ಕಂಡೇ ಇರದ ಮನುಷ್ಯ ಮೊದಲ ಗುಟುಕಿಗೇ ಅದರ ಪರೀಕ್ಷೆ ಹೇಗೆ ಮಾಡಬೇಕೆಂದು ಹೇಳಿದರು, ನಾನು ಓದಿಕೊಂಡು ಬಂದೂ ಹೇಳಲಿಲ್ಲ. ಹುಕ್ಕೇರಿಯ ಹೋಟೆಲನ್ನು ಉಳಿಸಿದ್ದು ಯಾರು? ಹೆಸರು ಮುಚ್ಚಿದ ಕಪ್ಪುಗಳಿಗೆ ಮೊದಲು ಒಪ್ಪಿದ್ದು ಯಾರು? ನನಗೆ ಇನ್ನೂ ಕಲಿಯುವುದಿದೆ, ಕಲಿಸುವವರನ್ನು ಪೊಟ್ಟಣ ಎಣಿಸಲು ಕಳಿಸಿದರೆ ನಷ್ಟ ಕಂಪನಿಗೆ. ಅಂಶದ ಮೇಲೆ ಅಂಶ, ಬೆರಳು ಮಡಚಿ ಮಡಚಿ ಹೇಳಿದೆ. ನಡುವೆ ಸಾವ್ಕಾರ್ರು ಏನೋ ಅಂದು ಎದ್ದು ಹೋದರು. ನಾನು ನಿಲ್ಲಿಸಲಿಲ್ಲ, ಏಳನೇ ಅಂಶ ಇನ್ನೂ ಬಾಕಿ ಇತ್ತು.

ಕಾಕಾ ತಮ್ಮ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಕುಳಿತರು.

"ಸಾಕ ಬಿಡ ತಂಗಿ" ಎಂದರು. "ಸಾವ್ಕಾರ್ರು ಹೂಂ ಅಂದು ಭಾಳ ಹೊತ್ತಾತು."